ಹೊಟ್ಟೆಯಲ್ಲಿ ಮಗು ಬೆಳೆಯುತ್ತಿಲ್ಲ ಎಂದಾಗ



ಈ ಸಲ ಕೆಚ್ಚಲು ಬಾವು, ರಸಮೇವಿನ ವಿಷಯ ಬಿಟ್ಟು ನಮ್ಮ ಮನೆಗಳ ಹೆಣ್ಣುಮಕ್ಕಳ ವಿಷಯ ಬರೆಯುತ್ತಿದ್ದೇನೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರಿಗೂ ಓದಿ ಹೇಳಿ.

ಮೂರು ವರ್ಷದ ಹಿಂದೆ ನನ್ನ ಮಗಳು ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಏಳು ತಿಂಗಳು ದಾಟಿತ್ತು. ನೋಡಿದವರೆಲ್ಲ "ಹೊಟ್ಟೆ ಚಿಕ್ಕದು, ಹೆರಿಗೆ ಸಲೀಸಾಗುತ್ತೆ" ಎಂದರು. ನಮಗೂ ಖುಷಿಯೇ ಆಯಿತು. ಆರೋಗ್ಯ ಕೇಂದ್ರದ ನರ್ಸಮ್ಮ ಮಾತ್ರ ಟೇಪು ಹಿಡಿದು ಎರಡು ಸಲ ಅಳೆದು, ತಾಯಿ ಕಾರ್ಡು ನೋಡಿ, "ನಾಳೆಯೇ ಸ್ಕ್ಯಾನಿಂಗ್ ಮಾಡಿಸಿ" ಎಂದರು. 31 ವಾರಕ್ಕೆ ಹೊಟ್ಟೆಯ ಅಳತೆ 27 ಸೆಂಟಿಮೀಟರ್ ಇತ್ತು.

ಈ ಲೆಕ್ಕ ನಿಮಗೆ ಗೊತ್ತಿರಲಿ. 24 ವಾರದ ನಂತರ ಗರ್ಭಕೋಶದ ಎತ್ತರ ಎಷ್ಟು ಸೆಂಟಿಮೀಟರೋ ಹೆಚ್ಚುಕಡಿಮೆ ಅಷ್ಟೇ ವಾರ ತುಂಬಿರುತ್ತದೆ. ಮೂರು ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಹಿಂದೆ ಬಿದ್ದರೆ ಸ್ಕ್ಯಾನಿಂಗ್ ಬೇಕು. ಕಣ್ಣಂದಾಜು ಸಾಲದು. ಕ್ಯಾನಿನಲ್ಲಿರುವ ಹಾಲನ್ನು ನೋಡಿ ಫ್ಯಾಟ್ ಎಷ್ಟೆಂದು ಹೇಳಲು ನನಗೂ ಬರುವುದಿಲ್ಲ, ಸಂಘದಲ್ಲಿ ಇಪ್ಪತ್ತು ವರ್ಷ ಹಾಲು ಅಳೆದಿದ್ದೇನೆ.

ಸ್ಕ್ಯಾನಿಂಗ್‌ನಲ್ಲಿ ಮಗುವಿನ ತಲೆ, ಹೊಟ್ಟೆ, ತೊಡೆಯ ಮೂಳೆ ಅಳೆದು ತೂಕ ಅಂದಾಜು ಮಾಡುತ್ತಾರೆ. ನಮ್ಮ ಮಗುವಿಗೆ ಒಂದು ಕಿಲೋ ನೂರು ಗ್ರಾಂ ಬಂತು. ಡಾಕ್ಟರು ಹೇಳಿದ್ದು ಹೀಗೆ: ಇಷ್ಟೇ ವಾರದ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲು ನಿಲ್ಲಿಸಿದರೆ ಕೊನೆಯ ಹತ್ತರಲ್ಲಿ ಬರುವ ಮಕ್ಕಳ ಮೇಲೆ ಕಣ್ಣಿಡುತ್ತೇವೆ, ನಿಮ್ಮದು ಕೊನೆಯ ಮೂರರಲ್ಲಿದೆ. ಚಿಕ್ಕದಾದ ಎಲ್ಲ ಮಕ್ಕಳಿಗೂ ತೊಂದರೆ ಇರುವುದಿಲ್ಲ, ಕೆಲವು ವಂಶದಿಂದಲೇ ಸಣ್ಣ. ಅದಕ್ಕೇ ಹೊಕ್ಕುಳ ಬಳ್ಳಿಯಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾರೆ. ನಮ್ಮಲ್ಲಿ ಆ ಹರಿವೂ ಕಡಿಮೆ ಇತ್ತು. ಕಾಗದದ ಮೇಲೆ ಐಯುಜಿಆರ್ ಎಂದು ಬರೆದರು. ಗರ್ಭದಲ್ಲಿ ಬೆಳವಣಿಗೆ ಕುಂಠಿತವಾಗಿದೆ ಎಂದರ್ಥ.

ಮನೆಗೆ ಬಂದ ಮೇಲೆ ಶುರುವಾದದ್ದು ನಿಮ್ಮ ಮನೆಯಲ್ಲೂ ಆಗಬಹುದಾದದ್ದು. ಬೀಗರು ಫೋನ್ ಮಾಡಿ "ಸರಿಯಾಗಿ ತಿನ್ನಿಸಿಲ್ಲವೇ" ಎಂದರು. ನನ್ನ ಹೆಂಡತಿ ಮಗಳಿಗೆ "ಅನ್ನ ಹಾಕಿದರೆ ಅರ್ಧ ಬಿಡ್ತಿದ್ದೆಯಲ್ಲ" ಎಂದಳು. ಮಗಳು ಗೋಡೆ ಕಡೆ ತಿರುಗಿ ಮಲಗಿದಳು. ನಾನು ಏನೂ ಅನ್ನಲಿಲ್ಲ, ಆದರೆ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡಿದ್ದೆ. ಕರು ಸಣ್ಣದಾಗಿ ಹುಟ್ಟಿದರೆ ಮೇವು, ಹಿಂಡಿ ಸಾಲಲಿಲ್ಲ ಎಂದು ಯೋಚಿಸುವ ಅಭ್ಯಾಸ ನಮ್ಮದು.

ಮುಂದಿನ ವಾರ ಇದನ್ನೇ ಡಾಕ್ಟರ ಮುಂದೆ ಕೇಳಿದೆ. ಹೆಚ್ಚಿನವರಲ್ಲಿ ದೋಷ ಇರುವುದು ಮಾಸಿನಲ್ಲಿ ಎಂದರು. ಮಾಸು, ಸತ್ತೆ, ಕಸ, ನಿಮ್ಮ ಕಡೆ ಏನೆಂದು ಕರೆಯುತ್ತೀರೋ ಅದು. ಹಸುವಿನ ಮಾಸಿನಲ್ಲಿ ಗುಂಡಿಗಳಂತೆ ಹತ್ತಾರು ಕಡೆ ಅಂಟಿರುವುದನ್ನು ನೀವು ನೋಡಿದ್ದೀರಿ. ಮನುಷ್ಯರಲ್ಲಿ ಒಂದೇ ತಟ್ಟೆಯಂತಿರುತ್ತದೆ. ಗರ್ಭದ ಮೊದಲ ತಿಂಗಳುಗಳಲ್ಲಿ ಅದರ ಬೇರು ಸರಿಯಾಗಿ ಇಳಿಯದಿದ್ದರೆ ತಾಯಿ ಎಷ್ಟು ಉಂಡರೂ ಮಗುವಿಗೆ ತಲುಪುವುದು ಕಡಿಮೆ. ತಾಯಿಯ ರಕ್ತದೊತ್ತಡ, ರಕ್ತಹೀನತೆ, ಹೊಗೆಸೊಪ್ಪು, ಕೆಲವು ಸೋಂಕು, ಅವಳಿ ಮಕ್ಕಳು, ಇವೂ ಕಾರಣವಾಗಬಹುದು. ಊಟ, ಕಬ್ಬಿಣಾಂಶದ ಮಾತ್ರೆ ಖಂಡಿತ ಬೇಕು. ಆದರೆ ಈ ಹಂತದಲ್ಲಿ ಪ್ರೋಟೀನ್ ಪುಡಿ ಡಬ್ಬಗಟ್ಟಲೆ ತಿನ್ನಿಸಿದರೆ ಮಗು ತುಂಬಿಕೊಳ್ಳುತ್ತದೆ ಎನ್ನುವುದು ಸುಳ್ಳು. ಒಳಗೇ ಬೆಳೆಸುವ ಔಷಧಿಯೂ ಇಲ್ಲ. ಎಷ್ಟು ದಿನ ಒಳಗಿದ್ದರೆ ಒಳ್ಳೆಯದು, ಯಾವ ದಿನ ಹೊರಗೆ ತೆಗೆದರೆ ಒಳ್ಳೆಯದು, ಇದನ್ನು ತೂಗಿ ನೋಡುವುದೇ ಚಿಕಿತ್ಸೆ. ಈ ಮಾತು ಕೇಳಿ ಮಗಳು ಅತ್ತಳು. ತಪ್ಪು ತನ್ನದಲ್ಲ ಎಂದು ಒಬ್ಬರಾದರೂ ಹೇಳಿದ್ದು ಅವಳಿಗೆ ಅದೇ ಮೊದಲು.

ಆಮೇಲಿನ ಮೂರು ವಾರ ಎಣಿಕೆಯದೇ ಕೆಲಸ. ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಮಗು ಎಷ್ಟು ಸಲ ಆಡಿತು ಎಂದು ಎಣಿಸಬೇಕು. ಎರಡು ಗಂಟೆಯಲ್ಲಿ ಹತ್ತು ಸಲ ಆಡದಿದ್ದರೆ, ಅಥವಾ ಹತ್ತು ಆದರೂ ದಿನದಂತಿಲ್ಲ ಎಂದು ತಾಯಿಗೆ ಅನ್ನಿಸಿದರೆ, ಹೊತ್ತು ನೋಡದೆ ಆಸ್ಪತ್ರೆಗೆ ಹೋಗಬೇಕು. ಮಗಳು ಹಳೆಯ ಹಾಲಿನ ಪಾಸ್ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದಿಡುತ್ತಿದ್ದಳು. ಬೆಳಗ್ಗೆ, ಸಂಜೆ ಎಂಬ ಅಂಕಣ ಅದರಲ್ಲಿ ಮೊದಲೇ ಇತ್ತಲ್ಲ.

ಹೊತ್ತು ನೋಡದೆ ಎಂದು ಬರೆದದ್ದಕ್ಕೆ ಕಾರಣವಿದೆ. ಪಕ್ಕದ ಊರಿನ ಸಂಘದ ಸದಸ್ಯರೊಬ್ಬರ ಮನೆಯಲ್ಲೂ ಇದೇ ತೊಂದರೆ ಗೊತ್ತಾಗಿತ್ತು. ಒಂದು ರಾತ್ರಿ ಸೊಸೆ "ಸಂಜೆಯಿಂದ ಮಗು ಆಡುತ್ತಿಲ್ಲ" ಎಂದಳು. ಬೆಳಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಹಾಗೇ ಹೋಗೋಣ ಎಂದುಕೊಂಡರು. ಹೋದಾಗ ಎದೆಬಡಿತ ಇರಲಿಲ್ಲ. ರಾತ್ರಿಯೇ ಹೋಗಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರಿಗೂ ಹೇಳಲಾಗಲಿಲ್ಲವಂತೆ. ಆ ಯಜಮಾನರು ನನಗೆ ಇದನ್ನು ಹೇಳಿದ್ದು ಒಂದು ವರ್ಷದ ನಂತರ, ಹಾಲು ಹಾಕಿ ಎಲ್ಲರೂ ಹೋದ ಮೇಲೆ. ಹೆಸರು ಬೇಡ, ಆದರೆ ಬರೆಯಿರಿ ಎಂದರು. ಅಂಥ ರಾತ್ರಿ ನಿಮಗೆ ಬಂದರೆ 108ಕ್ಕೆ ಫೋನ್ ಮಾಡಿ. ಹಸು ಕರೆಯಲು ಅಕ್ಕಪಕ್ಕದವರು ಇದ್ದಾರೆ.

ನಮ್ಮ ಮಗಳಿಗೆ 34ನೇ ವಾರದ ಹೊತ್ತಿಗೆ ಬಳ್ಳಿಯಲ್ಲಿ ರಕ್ತದ ಹರಿವು ಎದೆಬಡಿತದ ನಡುನಡುವೆ ನಿಂತೇ ಹೋಗುತ್ತಿತ್ತು. ಅದಕ್ಕೆ ಮೊದಲೇ ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದು 12 ಗಂಟೆಗೊಂದರಂತೆ ನಾಲ್ಕು ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ಟಿದ್ದರು. ಸಿಸೇರಿಯನ್ ಆಯಿತು. ಹೆಣ್ಣು ಮಗು, ಒಂದು ಕಿಲೋ 380 ಗ್ರಾಂ. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ 23 ದಿನ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಉಚಿತ, ದುಡ್ಡಿಗೆ ಹೆದರಿ ತಡಮಾಡಬೇಡಿ.

ಮೊದಮೊದಲು ಮಗುವಿಗೆ ಕೊಳವೆಯಲ್ಲಿ ಒಂದು ಸಲಕ್ಕೆ ಐದು ಮಿಲಿಲೀಟರ್ ತಾಯಿ ಹಾಲು. ದಿನಕ್ಕೆ ನೂರಾರು ಲೀಟರ್ ಅಳೆಯುವ ನಾನು ಆ ಐದು ಮಿಲಿ ಅರಗಿತೇ ಎಂದು ಬಾಗಿಲಲ್ಲಿ ಕಾಯುತ್ತಿದ್ದೆ. ಆಮೇಲೆ ಒಳಲೆಗೆ ಬಂತು, ಆಮೇಲೆ ಮೊಲೆಗೆ. ಮಗುವನ್ನು ಬರೀ ಎದೆಗೆ ಅವಚಿಕೊಂಡು ಗಂಟೆಗಟ್ಟಲೆ ಕೂರುವ ಕಾಂಗರೂ ಆರೈಕೆಯನ್ನೂ ಅಲ್ಲೇ ಕಲಿಸಿದರು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟ ನಗರದ ವೈದ್ಯರು ಕಾವು ಪೆಟ್ಟಿಗೆಗಳು ಸಾಲದೆ ಶುರುಮಾಡಿದ ಪದ್ಧತಿಯಂತೆ. ಅಳಿಯ ಮೊದಲು ನಾಚಿಕೊಂಡ. ಎರಡನೇ ದಿನದಿಂದ ಮಗಳು ಕೇಳಿದರೂ ಬಿಟ್ಟುಕೊಡುತ್ತಿರಲಿಲ್ಲ.

ಇಲ್ಲಿ ನಮ್ಮ ಕಸುಬಿನ ಬಗ್ಗೆಯೇ ಒಂದು ಮಾತು. ಮಗು ಸಣ್ಣದು, ತಾಯಿ ಹಾಲು ಸಾಲದು, ಮನೆಯಲ್ಲಿ ಹಸು ಇದೆ, ಸ್ವಲ್ಪ ನೀರು ಬೆರೆಸಿ ಕೊಡೋಣ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಕೊಡಬೇಡಿ. ಆರು ತಿಂಗಳವರೆಗೆ ತಾಯಿ ಹಾಲೊಂದೇ. ಕರುವಿಗೆ ಹುಟ್ಟಿದ ಗಂಟೆಯೊಳಗೆ ಗಿಣ್ಣು ಹಾಲು ಕುಡಿಸುವ ನಾವು, ಬಾಣಂತಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಮನೆಗಳನ್ನು ಇನ್ನೂ ನೋಡುತ್ತಿದ್ದೇವೆ.

ಕೊಟ್ಟಿಗೆಯದೂ ಒಂದಿದೆ. ಹಸು ಕಂದು ಹಾಕಿದರೆ ಆ ಮಾಸು, ಕರುವನ್ನು ಗರ್ಭಿಣಿ ಮುಟ್ಟಬಾರದು. ಬ್ರುಸೆಲ್ಲಾ ರೋಗ ಹಸುವಿನಿಂದ ಮನುಷ್ಯರಿಗೆ ಬರುತ್ತದೆ, ಗರ್ಭಪಾತಕ್ಕೂ ಕಾರಣವಾಗುತ್ತದೆ. ಹಾಗೆಯೇ, ಏಳನೇ ತಿಂಗಳಿಗೆ ಹಸುವಿನ ಹಾಲು ಬತ್ತಿಸಿ ವಿಶ್ರಾಂತಿ ಕೊಡುವ ಮನೆಯಲ್ಲಿ ತುಂಬು ಗರ್ಭಿಣಿ ಹುಲ್ಲಿನ ಹೊರೆ ಹೊರುವುದು ಬೇಡ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ. ಹೋದಾಗ ಹೊಟ್ಟೆಗೆ ಟೇಪು ಹಿಡಿದರೇ, ಕಾರ್ಡಿನಲ್ಲಿ ಬರೆದರೇ ಎಂದು ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಚಿಂತೆಯಿಲ್ಲ.

ಮೊಮ್ಮಗಳಿಗೆ ಈಗ ಮೂರು ವರ್ಷ. ಓರಗೆಯವರಿಗಿಂತ ಸ್ವಲ್ಪ ಸಣ್ಣ. ಹೋದ ತಿಂಗಳು ಅಂಗನವಾಡಿಯಲ್ಲಿ 11 ಕಿಲೋ 200 ಗ್ರಾಂ ತೂಗಿದಳು. ಕಾರ್ಯಕರ್ತೆ ಪುಸ್ತಕ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಆ ಹಳೆಯ ಪಾಸ್ ಪುಸ್ತಕದಲ್ಲಿ ಬರೆದುಕೊಂಡಾಗಿತ್ತು.