ಸಂಗೀತದ ಕೀಲಿಮಣೆಯೂ ಗಣಕಯಂತ್ರವೂ

ಬೇಲೂರಿನ ಚೆನ್ನಕೇಶವ ದೇವಾಲಯವು ಹೊಯ್ಸಳ ವಿಷ್ಣುವರ್ಧನನಿಂದ 1117ರಲ್ಲಿ ಪ್ರತಿಷ್ಠಿತವಾಯಿತು. ಅಲ್ಲಿ ನರ್ತಿಸುವ ಮದನಿಕೆಯರ ಇಕ್ಕೆಲಗಳಲ್ಲಿ ಮದ್ದಳೆ ಬಾರಿಸುವ, ತಾಳ ಹಾಕುವ ಪುಟ್ಟ ಮೂರ್ತಿಗಳು ನಿಂತಿವೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಗಳಲ್ಲಿ ವೇಣುಗೋಪಾಲನೂ ವಾದ್ಯಗಾರರ ಮೇಳಗಳೂ ಕಾಣಸಿಗುತ್ತವೆ. 2023ರಲ್ಲಿ ಈ ಎರಡು ದೇಗುಲಗಳೂ ಸೋಮನಾಥಪುರದ ದೇಗುಲದೊಡನೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು. ಕಲ್ಲಿನಲ್ಲಿಯೂ ವಾದ್ಯವನ್ನು ಕಂಡರಿಸಿದ ಇಂತಹ ನೆಲದಲ್ಲಿ ಮಕ್ಕಳಿಗೆ ಸಂಗೀತ ಬೇಕೇ ಎಂದು ಯಾರೂ ಕೇಳಲಾರರು. ಅದನ್ನು ಇಂದಿನ ಸಾಧನಗಳಿಂದ ಹೇಗೆ ಕಲಿಸುವುದೆಂಬುದೇ ವಿಚಾರಮಾಡಬೇಕಾದ ಸಂಗತಿ.

ಶಾಲೆಯ ಪ್ರಾರ್ಥನೆಗೆ, ವಚನಗಾಯನಕ್ಕೆ, ನಾಡಗೀತೆಗೆ ಶ್ರುತಿ ಕೊಡುವ ಕಾರ್ಯವನ್ನು ಬಹುಕಾಲ ಹಾರ್ಮೋನಿಯಂ ಒಂದೇ ನಡೆಸಿಕೊಂಡು ಬಂದಿತು. ಈಗ ಅದರ ಪಕ್ಕದಲ್ಲಿ ವಿದ್ಯುತ್ ಕೀಲಿಮಣೆಯೂ ಗಣಕಯಂತ್ರವೂ ಬಂದು ಕುಳಿತಿವೆ. ಇವೆರಡನ್ನೂ ಒಂದು ಯುಎಸ್‌ಬಿ ತಂತಿಯಿಂದ ಕೂಡಿಸಿದರೆ ವಿದ್ಯಾರ್ಥಿ ನುಡಿಸಿದ ಸ್ವರವು ತೆರೆಯ ಮೇಲೆ ಬರಹವಾಗಿ ಮೂಡುತ್ತದೆ. ತಪ್ಪಿದ ಲಯವು ಕಣ್ಣಿಗೆ ಕಾಣುತ್ತದೆ. ಗುರುಗಳು ಒಮ್ಮೆ ನುಡಿಸಿದ ಪಾಠವನ್ನು ಬೇಕಾದ ಶ್ರುತಿಯಲ್ಲಿ, ಬೇಕಾದ ವೇಗದಲ್ಲಿ ಮರಳಿ ಕೇಳಬಹುದು. ಆದರೆ ತಂತಿ ಸಿಕ್ಕಿಸಿದ ಕೂಡಲೇ ನಾದ ಹೊರಡದಿದ್ದರೆ ವಾದ್ಯ ಕೆಟ್ಟಿದೆಯೆಂದು ಭಾವಿಸಿ ಬಟ್ಟೆ ಹೊದಿಸಿ ಕಪಾಟಿನಲ್ಲಿಡುವುದುಂಟು. ದಾನಿಯ ಹಣವೂ ಮಗುವಿನ ಆಸೆಯೂ ಹೀಗೆ ಬಟ್ಟೆಯ ಕೆಳಗೆ ಮುಚ್ಚಿಹೋಗುತ್ತವೆ. ದೋಷವು ಹೆಚ್ಚಿನ ಸಲ ವಾದ್ಯದಲ್ಲಿರುವುದಿಲ್ಲ. ವಾದ್ಯಕ್ಕೂ ಕಿವಿಗೂ ನಡುವಿನ ಯಾವುದೋ ಒಂದು ಕೊಂಡಿಯಲ್ಲಿರುತ್ತದೆ. ಆ ಕೊಂಡಿಗಳನ್ನು ಒಂದೊಂದಾಗಿ ತಿಳಿದುಕೊಂಡರೆ ತಂತ್ರಜ್ಞರನ್ನು ಕರೆಸದೆಯೇ ಸಂಗೀತದ ಅಧ್ಯಾಪಕರು ಅದನ್ನು ಸರಿಪಡಿಸಬಲ್ಲರು.

ತಂತಿಯಲ್ಲಿ ಹರಿಯುವುದು ಏನು?

ಮೊದಲು ತಿಳಿಯಬೇಕಾದುದು ಇಷ್ಟು: ಈ ತಂತಿಯಲ್ಲಿ ಸಾಮಾನ್ಯವಾಗಿ ನಾದ ಹರಿಯುವುದಿಲ್ಲ, ಆಜ್ಞೆ ಹರಿಯುತ್ತದೆ. 'ಇಂತಹ ಮನೆಯನ್ನು ಇಷ್ಟು ಬಿರುಸಿನಿಂದ ಒತ್ತಲಾಯಿತು', 'ಈಗ ಬೆರಳನ್ನು ತೆಗೆಯಲಾಯಿತು' ಎಂಬ ಸುದ್ದಿಯಷ್ಟೇ ಗಣಕಕ್ಕೆ ತಲುಪುತ್ತದೆ. ಆ ಸುದ್ದಿಯನ್ನು ಕೇಳಿ ನಾದವನ್ನು ಉತ್ಪಾದಿಸುವುದು ಗಣಕದೊಳಗಿನ ಬೇರೊಂದು ತಂತ್ರಾಂಶದ ಕೆಲಸ.

ಈ ಆಜ್ಞೆಗಳ ಭಾಷೆಗೆ ಮಿಡಿ ಎಂದು ಹೆಸರು. ಅದು ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರಗಳಿಂದಾದ ಹೆಸರು. ಕನ್ನಡದಲ್ಲಿ ತಂತಿಯನ್ನು ಮಿಡಿಯುವುದು ಎಂಬ ಮಾತಿಗೆ ಅದು ಹೊಂದಿಕೊಂಡಿರುವುದು ಕೇವಲ ಆಕಸ್ಮಿಕ. 1980ರ ದಶಕದ ಆರಂಭದವರೆಗೆ ಒಂದು ಕಂಪನಿಯ ವಿದ್ಯುತ್ ವಾದ್ಯದ ಮಾತು ಮತ್ತೊಂದು ಕಂಪನಿಯ ವಾದ್ಯಕ್ಕೆ ಸುಲಭವಾಗಿ ತಿಳಿಯುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಕೆಹಾಶಿ ಮೊದಲಾದವರ ಪ್ರಯತ್ನದಿಂದ ಎಲ್ಲರಿಗೂ ಸಮಾನವಾದ ಒಂದು ಒಪ್ಪಂದ ಸಿದ್ಧವಾಗಿ, 1983ರ ಜನವರಿಯಲ್ಲಿ ಬೇರೆ ಬೇರೆ ಕಂಪನಿಗಳ ಎರಡು ವಾದ್ಯಗಳನ್ನು ಕೂಡಿಸಿ ಬಹಿರಂಗವಾಗಿ ತೋರಿಸಲಾಯಿತು. ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಪುರಸ್ಕಾರ ದೊರೆಯಿತು.

ಮಿಡಿ ಭಾಷೆಯ ವ್ಯಾಕರಣ ಬಹು ಸರಳ. ಪ್ರತಿಯೊಂದು ಮನೆಗೂ 0ಯಿಂದ 127ರವರೆಗೆ ಒಂದು ಸಂಖ್ಯೆ; ಕೀಲಿಮಣೆಯ ನಡುವಿನ ಬಿಳಿ ಒಂದರ ಸಂಖ್ಯೆ 60. ಒತ್ತಿದ ಬಿರುಸಿಗೂ ಗರಿಷ್ಠ 127ರ ಅಳತೆ. ಬೇರೆ ಬೇರೆ ವಾದ್ಯಗಳ ಮಾತು ಒಂದೇ ತಂತಿಯಲ್ಲಿ ಬೆರೆತುಹೋಗದಂತೆ 16 ವಾಹಿನಿಗಳು. ಒಂದು ಸ್ವರವನ್ನು ನುಡಿಸಲು ಮೂರು ಬೈಟುಗಳ ಸುದ್ದಿ ಸಾಕು. ಇಷ್ಟು ಮಿತವ್ಯಯದ ಭಾಷೆಯಾದುದರಿಂದಲೇ ಅದು ನಾಲ್ಕು ದಶಕಗಳನ್ನು ದಾಟಿ ಉಳಿದಿದೆ.

ಮೊದಲು ಈ ಸುದ್ದಿ ಐದು ಕಡ್ಡಿಗಳ ದುಂಡು ಕೊಂಡಿಯ ಮೂಲಕ ಹರಿಯುತ್ತಿತ್ತು. 1996ರಲ್ಲಿ ಯುಎಸ್‌ಬಿ ಬಂದಿತು. ಗುಜರಾತಿನ ವಡೋದರಾದಲ್ಲಿ ಓದಿ ಇಂಟೆಲ್ ಸಂಸ್ಥೆಯನ್ನು ಸೇರಿದ ಅಜಯ್ ಭಟ್ ಅದನ್ನು ರೂಪಿಸಿದ ತಂಡದ ಪ್ರಮುಖರು. 1999ರಲ್ಲಿ ಯುಎಸ್‌ಬಿಯ ಮೂಲಕ ಮಿಡಿ ಸುದ್ದಿಯನ್ನು ಸಾಗಿಸುವ ಸಾಮಾನ್ಯ ನಿಯಮಗಳೂ ಪ್ರಕಟವಾದವು.

ಡ್ರೈವರ್ ಎಂಬ ಮಧ್ಯವರ್ತಿ

ಅರಸೀಕೆರೆಯನ್ನು ಹಾದುಹೋಗುವ ರೈಲುಹಳಿಗಳು ಒಂದು ಕಾಲಕ್ಕೆ ಮೀಟರ್ ಗೇಜಿನವು. ಈಗ ಬ್ರಾಡ್ ಗೇಜಿನವು. ಎರಡು ಗೇಜುಗಳು ಕೂಡುತ್ತಿದ್ದ ನಿಲ್ದಾಣಗಳಲ್ಲಿ ಸರಕನ್ನು ಒಂದು ಬಂಡಿಯಿಂದ ಇಳಿಸಿ ಮತ್ತೊಂದಕ್ಕೆ ಏರಿಸಬೇಕಾಗಿತ್ತು. ಸರಕು ಅದೇ, ಊರು ಅದೇ. ಇಳಿಸಿ ಏರಿಸುವವರು ಇಲ್ಲದಿದ್ದರೆ ಮಾತ್ರ ಎಲ್ಲವೂ ನಿಂತಲ್ಲಿಯೇ ನಿಲ್ಲುತ್ತಿತ್ತು. ಯುಎಸ್‌ಬಿ ತಂತಿಯಿಂದ ಬಂದ ಸುದ್ದಿಯನ್ನು ಇಳಿಸಿಕೊಂಡು ಗಣಕದ ಕಾರ್ಯಾಚರಣ ವ್ಯವಸ್ಥೆಗೆ ಒಪ್ಪುವ ರೂಪದಲ್ಲಿ ಏರಿಸುವ ಚಾಲಕ ತಂತ್ರಾಂಶವೇ ಡ್ರೈವರ್.

ಗೇಜು ಒಂದೇ ಆಗಿದ್ದರೆ ಪ್ರತ್ಯೇಕ ಕೂಲಿಯ ಅಗತ್ಯವಿಲ್ಲ. 1999ರ ಸಾಮಾನ್ಯ ನಿಯಮಗಳನ್ನು ಪಾಲಿಸುವ ಕೀಲಿಮಣೆಗಳಿಗೆ 'ಕ್ಲಾಸ್ ಕಂಪ್ಲಯಂಟ್' ಎನ್ನುತ್ತಾರೆ. ಇವಕ್ಕೆ ಬೇಕಾದ ಡ್ರೈವರ್ ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಮೊದಲೇ ಅಡಕವಾಗಿದೆ. 2003ರ ಕೊನೆಗೆ ಬಂದ 2.6ನೆಯ ಆವೃತ್ತಿಯಿಂದ ಲಿನಕ್ಸ್ ತಿರುಳಿನಲ್ಲಿಯೇ ಆಲ್ಸಾ ಎಂಬ ಧ್ವನಿವ್ಯವಸ್ಥೆ ಸೇರಿಕೊಂಡಿದ್ದು, ಇಂತಹ ವಾದ್ಯಗಳನ್ನು ಅದು ತಾನಾಗಿಯೇ ಗುರುತಿಸುತ್ತದೆ. ಈಚಿನ ಕೀಲಿಮಣೆಗಳಲ್ಲಿ ಬಹುಪಾಲು ಈ ವರ್ಗದವು. ಆದುದರಿಂದ ಸಿಕ್ಕಸಿಕ್ಕ ಜಾಲತಾಣಗಳಿಂದ ಡ್ರೈವರ್ ಇಳಿಸಿಕೊಳ್ಳುವ ಅವಸರ ಸಲ್ಲದು. ಅನಾವಶ್ಯಕವಾದುದು ಮಾತ್ರವಲ್ಲ, ಗಣಕಕ್ಕೆ ಅಪಾಯವೂ ಹೌದು.

ತಯಾರಕರ ಸ್ವಂತ ಡ್ರೈವರನ್ನೇ ಬೇಡುವ ವಾದ್ಯಗಳೂ ಇವೆ. ಹಳೆಯ ವಾದ್ಯಗಳಲ್ಲಿ ಇದು ಹೆಚ್ಚು. ಕೆಲವು ವಾದ್ಯಗಳ ಒಳಗಣ ಪಟ್ಟಿಯಲ್ಲಿ 'ಜೆನೆರಿಕ್' ಮತ್ತು 'ವೆಂಡರ್' ಎಂಬ ಎರಡು ಆಯ್ಕೆಗಳಿರುತ್ತವೆ. ಮೊದಲನೆಯದು ಗಣಕದ ಸಾಮಾನ್ಯ ಡ್ರೈವರಿಗೆ, ಎರಡನೆಯದು ತಯಾರಕರ ಡ್ರೈವರಿಗೆ. ಇದನ್ನು ಬದಲಿಸಿದ ಮೇಲೆ ವಾದ್ಯವನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಬೇಕು.

ಜೋಡಣೆಯ ಕ್ರಮ

ಮೊದಲನೆಯದು ತಂತಿ. ಕೀಲಿಮಣೆಯ ಹಿಂಭಾಗದಲ್ಲಿ ಎರಡು ಯುಎಸ್‌ಬಿ ರಂಧ್ರಗಳಿರಬಹುದು. 'ಟು ಡಿವೈಸ್' ಎಂದು ಬರೆದಿರುವುದು ಪೆನ್‌ಡ್ರೈವಿಗೆ. 'ಟು ಹೋಸ್ಟ್' ಎಂದು ಬರೆದಿರುವುದು ಗಣಕಕ್ಕೆ. ಈ ಎರಡನೆಯದು ಅನೇಕ ವಾದ್ಯಗಳಲ್ಲಿ ಚೌಕಾಕಾರವಾಗಿದ್ದು, ಪ್ರಿಂಟರಿಗೆ ಬಳಸುವ ತಂತಿಯೇ ಅದಕ್ಕೆ ಸಲ್ಲುತ್ತದೆ. ತಂತಿ 5 ಮೀಟರಿಗಿಂತ ಉದ್ದವಿರಬಾರದು. ಕಿರಿದಾದ ರಂಧ್ರವಿರುವ ವಾದ್ಯಗಳಿಗೆ ಮೊಬೈಲ್ ಚಾರ್ಜರಿನ ತಂತಿಯನ್ನು ಬಳಸುವಾಗ ಎಚ್ಚರ ಬೇಕು. ಅವುಗಳಲ್ಲಿ ಕೆಲವು ವಿದ್ಯುತ್ತನ್ನು ಮಾತ್ರ ಸಾಗಿಸುತ್ತವೆ, ಸುದ್ದಿಯನ್ನಲ್ಲ. ವಾದ್ಯದ ದೀಪ ಉರಿದರೂ ಗಣಕ ಅದನ್ನು ಕಾಣದಿದ್ದರೆ ಮೊದಲು ಬದಲಿಸಬೇಕಾದುದು ತಂತಿಯನ್ನು.

ಎರಡನೆಯದು ಗುರುತು. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರನ್ನು ತೆರೆದು, ಧ್ವನಿ ಮತ್ತು ದೃಶ್ಯ ಉಪಕರಣಗಳ ವಿಭಾಗದಲ್ಲಿ ವಾದ್ಯದ ಹೆಸರೋ ಯುಎಸ್‌ಬಿ ಆಡಿಯೋ ಎಂಬ ಸಾಮಾನ್ಯ ಹೆಸರೋ ಇದೆಯೇ ಎಂದು ನೋಡಬೇಕು. ಇದ್ದರೆ ಡ್ರೈವರಿನ ಕೆಲಸ ಮುಗಿಯಿತು. ಹಳದಿ ಚಿಹ್ನೆ ಕಂಡರೆ ಮಾತ್ರ ತಯಾರಕರ ಡ್ರೈವರ್ ಬೇಕು. ಅದನ್ನು ತಯಾರಕರ ಸ್ವಂತ ತಾಣದಿಂದಲೇ, ವಾದ್ಯದ ಮಾದರಿಯ ಹೆಸರನ್ನೂ ವಿಂಡೋಸಿನ ಆವೃತ್ತಿಯನ್ನೂ ಸರಿಯಾಗಿ ನೋಡಿ ಪಡೆಯಬೇಕು. ಸಾಮಾನ್ಯವಾಗಿ ತಂತಿಯನ್ನು ಕಳಚಿಟ್ಟು ಡ್ರೈವರನ್ನು ಮೊದಲು ಸ್ಥಾಪಿಸಿ, ಗಣಕವನ್ನು ಮರುಚಾಲನೆ ಮಾಡಿ, ಬಳಿಕ ವಾದ್ಯವನ್ನು ಜೋಡಿಸಬೇಕೆಂದು ಕೈಪಿಡಿಗಳು ಹೇಳುತ್ತವೆ. ಹಳೆಯ ವಾದ್ಯದೊಡನೆ ಬಂದ ಸಿ.ಡಿ.ಯನ್ನು ನಂಬುವಂತಿಲ್ಲ, 32 ಬಿಟ್ಟಿನ ಡ್ರೈವರ್ 64 ಬಿಟ್ಟಿನ ವಿಂಡೋಸಿನಲ್ಲಿ ನಡೆಯುವುದಿಲ್ಲ.

ಮೂರನೆಯದು ನಾದದ ತಂತ್ರಾಂಶ. ಡ್ರೈವರ್ ಸರಿಯಾದರೂ ಮೌನ ಮುರಿಯದಿರುವುದಕ್ಕೆ ಕಾರಣ ಇಲ್ಲಿದೆ. ಸುದ್ದಿ ಬಂದು ತಲುಪಿದೆ, ನುಡಿಸುವವರು ಇಲ್ಲ. ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್, ಹಲವು ವಾದ್ಯಗಳ ನಾದವನ್ನು ಕೂಡಿಸುವ ಎಲ್‌ಎಂಎಂಎಸ್ ಇವೆರಡೂ ಉಚಿತ. ಇವುಗಳ ಸಿದ್ಧತೆಯ ಪುಟದಲ್ಲಿ ಮಿಡಿ ಇನ್‌ಪುಟ್ ಎಂಬಲ್ಲಿ ಕೀಲಿಮಣೆಯ ಹೆಸರನ್ನೂ ಧ್ವನಿಯ ಔಟ್‌ಪುಟ್ ಎಂಬಲ್ಲಿ ಸ್ಪೀಕರಿನ ಹೆಸರನ್ನೂ ಆರಿಸಬೇಕು. ಬಹುಕಾಲ ವಿಂಡೋಸಿನಲ್ಲಿ ಒಂದು ಕೀಲಿಮಣೆಯನ್ನು ಒಂದು ಸಮಯಕ್ಕೆ ಒಂದೇ ತಂತ್ರಾಂಶ ಬಳಸಬಹುದಾಗಿತ್ತು. ಆದುದರಿಂದ ಹೆಸರು ಕಂಡರೂ ಸ್ವರ ಬಾರದಿದ್ದರೆ ತೆರೆದಿರುವ ಇತರ ಸಂಗೀತ ತಂತ್ರಾಂಶಗಳನ್ನು ಮುಚ್ಚಿ ನೋಡುವುದು ಲೇಸು.

ಇನ್ನೊಂದು ಸಂಗತಿ: ಕೀಲಿಮಣೆಗೆ ತನ್ನದೇ ಸ್ಪೀಕರ್ ಇದ್ದರೆ ಒಂದೇ ಸ್ವರ ಎರಡು ಬಾರಿ ಕೇಳಿಸಬಹುದು. ವಾದ್ಯದ 'ಲೋಕಲ್ ಕಂಟ್ರೋಲ್' ಎಂಬುದನ್ನು ಆರಿಸಿದರೆ ವಾದ್ಯ ಸುಮ್ಮನಾಗಿ ಗಣಕವೊಂದೇ ನುಡಿಯುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮರಳಿ ಹೊತ್ತಿಸದಿದ್ದರೆ ಮರುದಿನ ಪ್ರಾರ್ಥನೆಯ ಹೊತ್ತಿಗೆ ವಾದ್ಯ ಮೂಕವಾಗಿರುತ್ತದೆ.

ತಡವಾಗಿ ಕೇಳುವ ನಾದ

ಎಲ್ಲವೂ ಕೂಡಿದ ಮೇಲೆ ಬೆರಳು ಒತ್ತಿದ ತುಸು ಹೊತ್ತಿನ ನಂತರ ಸ್ವರ ಕೇಳಿಸುವುದುಂಟು. ಲಯವನ್ನು ಕಲಿಯುವ ಮಗುವಿಗೆ ಇದಕ್ಕಿಂತ ದೊಡ್ಡ ತೊಡಕಿಲ್ಲ. ಗಣಕವು ನಾದವನ್ನು ಹನಿಹನಿಯಾಗಿ ಕಳಿಸದೆ ಕೊಡದಲ್ಲಿ ತುಂಬಿ ಕಳಿಸುವುದೇ ಇದರ ಮುಖ್ಯ ಕಾರಣ. ಆ ಕೊಡಕ್ಕೆ ಬಫರ್ ಎಂದು ಹೆಸರು. ಸೆಕೆಂಡಿಗೆ 44,100 ಮಾದರಿಗಳ ವೇಗದಲ್ಲಿ 1024 ಮಾದರಿಗಳ ಕೊಡ ತುಂಬಲು ಸುಮಾರು 23 ಮಿಲಿಸೆಕೆಂಡು ಬೇಕು. 256ರ ಕೊಡಕ್ಕೆ ಸುಮಾರು 6 ಸಾಕು. ಗಾಳಿಯಲ್ಲಿ ನಾದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ, ಮೊದಲನೆಯದು ವಾದ್ಯದಿಂದ 8 ಮೀಟರ್ ದೂರ ಕುಳಿತು ನುಡಿಸಿದಂತೆ, ಎರಡನೆಯದು 2 ಮೀಟರ್ ದೂರ ಕುಳಿತಂತೆ. ಕೊಡ ತೀರ ಚಿಕ್ಕದಾದರೆ ಗಣಕಕ್ಕೆ ತುಂಬಲು ಬಿಡುವಿಲ್ಲದೆ ನಾದದಲ್ಲಿ ಚಟಚಟ ಸದ್ದು ಕೇಳುತ್ತದೆ. ಸದ್ದು ಬರುವವರೆಗೆ ಬಫರನ್ನು ಕಿರಿದುಗೊಳಿಸುತ್ತ ಹೋಗಿ ಒಂದು ಹೆಜ್ಜೆ ಹಿಂದೆ ನಿಲ್ಲುವುದೇ ಸರಿಯಾದ ಮಾರ್ಗ. ವಿಂಡೋಸಿನಲ್ಲಿ ಆಸಿಯೋ ಎಂಬ ವಿಧದ ಧ್ವನಿ ಡ್ರೈವರ್ ಈ ತಡವನ್ನು ಕುಗ್ಗಿಸುತ್ತದೆ. ಇದನ್ನು ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ರೂಪಿಸಿತು. ಬ್ಲೂಟೂತ್ ಸ್ಪೀಕರುಗಳು ತಡವನ್ನು ಹೆಚ್ಚಿಸುವುದರಿಂದ ತಂತಿಯ ಸ್ಪೀಕರೇ ಪಾಠಕ್ಕೆ ಯೋಗ್ಯ.

ಶ್ರುತಿಯ ಪ್ರಶ್ನೆ

ಮಿಡಿಯ ಸಂಖ್ಯೆಗಳಿಗೆ ಶ್ರುತಿ ಬದಲಾವಣೆ ಸುಲಭ. ಬಿಳಿ ಒಂದರಿಂದಲೇ ನುಡಿಸುತ್ತ ಕಪ್ಪು ಒಂದರ ಶ್ರುತಿ ಬೇಕಿದ್ದರೆ 'ಟ್ರಾನ್ಸ್‌ಪೋಸ್' ಎಂಬಲ್ಲಿ 1, ಕಪ್ಪು ಎರಡು ಬೇಕಿದ್ದರೆ 3 ಎಂದು ಕೂಡಿಸಿದರಾಯಿತು. ಆದರೆ ಹಾರ್ಮೋನಿಯಮ್ಮಿಗಿದ್ದ ಕೊರತೆ ಇಲ್ಲಿಯೂ ಇದೆ. ಸಪ್ತಕವನ್ನು ಹನ್ನೆರಡು ಸಮಪಾಲಾಗಿ ಒಡೆದ ಕೀಲಿಮಣೆಯಲ್ಲಿ ಗಮಕವಿಲ್ಲ. ಷಡ್ಜಕ್ಕೆ ಶುದ್ಧವಾಗಿ ಹೊಂದುವ ಅಂತರಗಾಂಧಾರವು 386 ಸೆಂಟುಗಳಲ್ಲಿದ್ದರೆ ಕೀಲಿಮಣೆಯದು 400ರಲ್ಲಿರುತ್ತದೆ. ಇಂತಹ ಕಾರಣಗಳಿಂದಲೇ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿ, 1971ರಲ್ಲಿ ಆ ನಿಷೇಧವನ್ನು ಸಡಿಲಿಸಿತು. ಆದರೂ ಗದುಗಿನ ಪಂಡಿತ ಪುಟ್ಟರಾಜ ಗವಾಯಿಗಳಂತಹ ಹಿರಿಯರು ಅದೇ ವಾದ್ಯದಲ್ಲಿ ಪ್ರಭುತ್ವ ಪಡೆದು ಅದಕ್ಕೆ ಗೌರವ ತಂದರು.

ಗಣಕದ ನಾದಕ್ಕೆ ಒಂದು ಅನುಕೂಲವುಂಟು. ಪಿಚ್ ಬೆಂಡ್ ಚಕ್ರವು ಸ್ವರವನ್ನು 16,384 ಹಂತಗಳಲ್ಲಿ ಬಾಗಿಸಬಲ್ಲದು; ಕೆಲವು ತಂತ್ರಾಂಶಗಳಲ್ಲಿ ಪ್ರತಿಯೊಂದು ಸ್ವರದ ಸ್ಥಾನವನ್ನೂ ಸೆಂಟುಗಳ ಲೆಕ್ಕದಲ್ಲಿ ತಿದ್ದಬಹುದು. ಗಾಂಧಾರವನ್ನು 14 ಸೆಂಟು ಇಳಿಸಿ ತಂಬೂರಿಯೊಡನೆ ಕೇಳಿಸಿದರೆ ಶುದ್ಧ ಸ್ವರವೆಂದರೇನೆಂಬುದು ಮಕ್ಕಳಿಗೆ ಒಂದೇ ಕ್ಷಣದಲ್ಲಿ ತಿಳಿಯುತ್ತದೆ. ಹಾಡನ್ನು ಕಲಿಸಬೇಕಾದುದು ಗುರುವಿನ ಕಂಠವೇ. ಯಂತ್ರವು ಅದಕ್ಕೆ ನೆರವು ಮಾತ್ರ.

ಶಾಲೆಯೂ ದಾನಿಗಳೂ ಗಮನಿಸಬೇಕಾದುದು

ವಾದ್ಯದ ಆಯುಸ್ಸು ದೀರ್ಘ, ಗಣಕದ ಆಯುಸ್ಸು ಅಲ್ಪ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ ಅನೇಕ ಸಂಸ್ಥೆಗಳು ಗಣಕಗಳನ್ನು ಬದಲಿಸಬೇಕಾಗಿ ಬಂದಿದೆ. ವಿಶೇಷ ಡ್ರೈವರನ್ನು ಬೇಡುವ ವಾದ್ಯವು ಇಂತಹ ಬದಲಾವಣೆಯಲ್ಲಿ ಅನಾಥವಾಗಬಹುದು. ಸಾಮಾನ್ಯ ನಿಯಮವನ್ನು ಪಾಲಿಸುವ ವಾದ್ಯವು ಹೊಸ ಗಣಕದೊಡನೆಯೂ ಬಾಳುತ್ತದೆ. ಆದುದರಿಂದ ಕೀಲಿಮಣೆಯನ್ನು ಕೊಡುಗೆಯಾಗಿ ನೀಡುವವರು ಬಣ್ಣವನ್ನೂ ನೂರಾರು ನಾದಗಳ ಪಟ್ಟಿಯನ್ನೂ ನೋಡುವ ಮೊದಲು, ಅದು ಕ್ಲಾಸ್ ಕಂಪ್ಲಯಂಟ್ ಹೌದೇ ಎಂದು ಅಂಗಡಿಯಲ್ಲಿ ಕೇಳುವುದು ಉಚಿತ. ಒತ್ತಡದ ಬಿರುಸನ್ನು ಗುರುತಿಸುವ ಮನೆಗಳಿವೆಯೇ, ಸರಿಯಾದ ತಂತಿ ಜೊತೆಗಿದೆಯೇ ಎಂಬುದನ್ನೂ ವಿಚಾರಿಸಬೇಕು.

ಶಾಲೆಯ ಕಡೆಯಿಂದ ಆಗಬೇಕಾದ ಕೆಲಸವೂ ಚಿಕ್ಕದೇ. ವಾದ್ಯದ ಮಾದರಿ, ಬಳಸಿದ ಡ್ರೈವರಿನ ಹೆಸರು, ಆರಿಸಿದ ಇನ್‌ಪುಟ್ ಮತ್ತು ಔಟ್‌ಪುಟ್, ಬಫರಿನ ಅಳತೆ ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ವಾದ್ಯದ ಪೆಟ್ಟಿಗೆಯೊಳಗೆ ಅಂಟಿಸಿಡಬೇಕು. ಒಬ್ಬ ಅಧ್ಯಾಪಕರು ವರ್ಗವಾಗಿ ಹೋದರೂ ಆ ತಿಳಿವಳಿಕೆ ಶಾಲೆಯಲ್ಲಿ ಉಳಿಯುತ್ತದೆ. ಪ್ರತಿ ವರ್ಷ ಮೇಲಿನ ತರಗತಿಯ ಇಬ್ಬರು ವಿದ್ಯಾರ್ಥಿಗಳು ಕೆಳಗಿನ ತರಗತಿಯ ಇಬ್ಬರಿಗೆ ಈ ಜೋಡಣೆಯನ್ನು ಕಲಿಸಿಕೊಟ್ಟರೆ, ಕೊಟ್ಟವರ ಕೊಡುಗೆ ಸಾರ್ಥಕವಾಗಿ ವಾದ್ಯವು ಕಪಾಟಿನಿಂದ ಹೊರಬಂದು ಮಕ್ಕಳ ಕೈಯಲ್ಲಿ ನುಡಿಯುತ್ತಿರುತ್ತದೆ.