ಕುಡಿತ: ತಪ್ಪು ಕುಡಿದವನೊಬ್ಬನದೇ?

ಕುಡುಕನನ್ನು ಬೈಯುವುದು ಸುಲಭ. ಅವನು ಯಾರ ಜೊತೆ, ಹೇಗೆ, ಏಕೆ ಕುಡಿಯುತ್ತಾನೆ ಎಂದು ಹುಡುಕಹೊರಟವರಿಗೆ ಸಿಕ್ಕ ಉತ್ತರಗಳು ನಮ್ಮ ಹಲವು ನಂಬಿಕೆಗಳನ್ನು ಅಲ್ಲಾಡಿಸುತ್ತವೆ.

ತಪ್ಪು ಕಲ್ಪನೆ: “ಅವನು ಒಳ್ಳೆಯವನೇ, ಹೊಡೆಸಿದ್ದು ಎಣ್ಣೆ.”

ಸತ್ಯ: ಮದ್ಯ ವಿವೇಚನೆಯನ್ನು ಮಂಕಾಗಿಸುತ್ತದೆ, ನಿಜ. ಆದರೆ ಅಮಲಿನಲ್ಲಿ ಹೇಗೆ ನಡೆದುಕೊಳ್ಳುವುದು ಎಂಬುದನ್ನೂ ಜನ ತಮ್ಮ ಸಮಾಜದಿಂದಲೇ ಕಲಿಯುತ್ತಾರೆ ಎಂದು ಸಂಶೋಧಕರಾದ ಮ್ಯಾಕ್‌ಆಂಡ್ರೂ ಮತ್ತು ಎಡ್ಜರ್ಟನ್ 1969ರಲ್ಲಿ ವಾದಿಸಿದರು. ಬೊಲಿವಿಯಾದ ಕಾಂಬಾ ಜನ ಹಬ್ಬಗಳಲ್ಲಿ ಶೇ. 89ರಷ್ಟು ಆಲ್ಕೋಹಾಲ್ ಇದ್ದ ಮದ್ಯವನ್ನು ಮೈಮರೆಯುವಷ್ಟು ಕುಡಿದರೂ ಜಗಳಕ್ಕಿಳಿಯುತ್ತಿರಲಿಲ್ಲ ಎಂದು ಮಾನವಶಾಸ್ತ್ರಜ್ಞ ಡ್ವೈಟ್ ಹೀತ್ ದಾಖಲಿಸಿದ್ದಾರೆ. ಪೊಲೀಸರ ಮುಂದೆ ಕೈಕಟ್ಟಿ ನಿಲ್ಲುವವನು ಮನೆಗೆ ಬಂದು ಹೆಂಡತಿಯ ಮೇಲೆ ಕೈಯೆತ್ತಿದರೆ, ಕ್ಷಮೆ ಎಲ್ಲಿ ಸಿಗುತ್ತದೆಂಬುದು ಅವನಿಗೆ ಗೊತ್ತಿದೆ ಎಂದೇ ಅರ್ಥ.

ತಪ್ಪು ಕಲ್ಪನೆ: “ಈಗ ಯಾರು ಕುಡಿಯಲ್ಲ ಹೇಳಿ?”

ಸತ್ಯ: ಬಹುಪಾಲು ಜನ ಕುಡಿಯುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಡಿಯುತ್ತೇವೆ ಎಂದವರು 15 ದಾಟಿದ ಗಂಡಸರಲ್ಲಿ ಸುಮಾರು ಶೇ. 19, ಹೆಂಗಸರಲ್ಲಿ ಶೇ. 1ರಷ್ಟು. ಆತಂಕದ ಸಂಗತಿ ಬೇರೆ: ಕೇಂದ್ರ ಸರ್ಕಾರದ 2019ರ ವರದಿಯಂತೆ ಸುಮಾರು 16 ಕೋಟಿ ಕುಡಿಯುವವರಲ್ಲಿ 5.7 ಕೋಟಿ ಜನರಿಗೆ ನೆರವು ಬೇಕು. ಅಂದರೆ ಮೂವರಲ್ಲೊಬ್ಬರಿಗಿಂತ ಹೆಚ್ಚು. ಕಿಕ್ಕಿಗಾಗಿಯೇ ಗಟಗಟ ಕುಡಿಯುವ ರೂಢಿ ಈ ಅಪಾಯವನ್ನು ಹೆಚ್ಚಿಸುತ್ತದೆ.

ತಪ್ಪು ಕಲ್ಪನೆ: “ಸಾರಾಯಿ ನಿಂತರೆ ಬಡವರ ಮನೆ ಉದ್ಧಾರ.”

ಸತ್ಯ: ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂದವು; ಹಳ್ಳಿಯ ಗೂಡಂಗಡಿಗಳಲ್ಲೂ ಕದ್ದುಮುಚ್ಚಿ ಮಾರಾಟವಾದವು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅಬಕಾರಿ ಆದಾಯವನ್ನು ನೆಚ್ಚಿಕೊಂಡ ಸರ್ಕಾರಗಳೂ ಈ ಸಮಸ್ಯೆಯ ಪಾಲುದಾರರೇ.

ತಪ್ಪು ಕಲ್ಪನೆ: “ಮನಸ್ಸು ಗಟ್ಟಿಯಿದ್ದರೆ ಇವತ್ತೇ ಬಿಡಬಹುದು.”

ಸತ್ಯ: ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಏಕಾಏಕಿ ಬಿಟ್ಟರೆ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು, ಜೀವಕ್ಕೂ ಅಪಾಯ. ಅಂಥವರು ವೈದ್ಯರ ನಿಗಾದಲ್ಲೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಆದರೆ ಆಸ್ಪತ್ರೆಯಿಂದ ಬಂದವನು ಮರಳುವುದು ಅದೇ ಊರಿಗೆ, ಅದೇ ಗೆಳೆಯರ ಗುಂಪಿಗೆ. “ಒಂದೇ ಪೆಗ್ಗು, ನನಗೋಸ್ಕರ” ಎಂದು ಒತ್ತಾಯಿಸದಿರುವುದು ಗೆಳೆಯರ ಹೊಣೆ, “ಕುಡುಕ” ಎಂದು ಹಂಗಿಸದಿರುವುದು ಊರಿನ ಹೊಣೆ.