ತೂಕ ಕಾಲಿನದು, ಕೆಲಸ ಕೈಯದು

ತುಮಕೂರು ರಸ್ತೆಯಲ್ಲಿ ಬೆಳಗಿನ ಶಿಫ್ಟಿಗೆ ಜನ ಇಳಿಯುವ ಹೊತ್ತು. ಗಾರ್ಮೆಂಟ್ಸ್ ಹೆಂಗಸರನ್ನು ತುಂಬಿಕೊಂಡ ವ್ಯಾನುಗಳು ಪೀಣ್ಯದ ಒಳರಸ್ತೆಗಳಿಗೆ ತಿರುಗುತ್ತಿವೆ. ಮೇಲೆ ಮೆಟ್ರೊ ಮಾದಾವರದ ಕಡೆ ಸಾಗುತ್ತಿದೆ. ಲೇತ್ ಶೆಡ್ಡುಗಳ ಶಟರ್‌ಗಳು ಒಂದೊಂದಾಗಿ ಏಳುತ್ತಿವೆ. ಈ ಗದ್ದಲದ ಪಕ್ಕದಲ್ಲೇ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಎಳ್ಳೆಣ್ಣೆ ಬಿಸಿಯಾಗುತ್ತಿದೆ. ಉರಿಯ ಮೇಲಲ್ಲ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು.

ಮಸಾಜ್ ಕಲಿಯಲು ಬಂದ ಹೆಣ್ಣುಮಕ್ಕಳ ತರಗತಿ ಇದು. ಗಂಡಸರದು ಬೇರೆ ಹೊತ್ತಿಗೆ. ನಾಲ್ಕು ಮೇಜು, ಬಿಳಿ ಹಾಸು, ಗೋಡೆಯ ಮೇಲೆ ಸ್ನಾಯುಗಳ ಪಟ. ಪಾಠ ಶುರುವಾಗುವುದು ಉಗುರಿನ ತಪಾಸಣೆಯಿಂದ. ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಬೆರಳತುದಿಯ ಆಚೆ ಉಗುರು ಇಣುಕಬಾರದು. ಆಮೇಲೆ ಮೇಜಿನ ಎತ್ತರ. ಕೈ ಇಳಿಬಿಟ್ಟು ನಿಂತಾಗ ಮುಷ್ಟಿಯ ಗೆಣ್ಣು ಮೇಜಿಗೆ ತಾಗಬೇಕು. ಕುಳ್ಳಗಿನವಳಿಗೆ ಮೇಜು ಇಳಿಯುತ್ತದೆ, ಎತ್ತರದವಳಿಗೆ ಏರುತ್ತದೆ.

ಮೊದಲ ಪಟ್ಟು ನೀವುವುದು. ಕಾಲ ಮೀನಖಂಡದ ಮೇಲೆ ಇಡೀ ಅಂಗೈ ಊರಿ, ಪಾದದ ಕಡೆಯಿಂದ ಮೇಲಕ್ಕೆ. ಒತ್ತಡವೆಲ್ಲ ಹೃದಯದ ದಿಕ್ಕಿಗೆ; ಕೆಳಗಿಳಿಯುವಾಗ ಕೈ ಚರ್ಮವನ್ನು ಬಿಡದೆ ಹಗುರಾಗಿ ಜಾರಿ ಬರಬೇಕು. ಮಂಡಿಯ ಹಿಂಭಾಗದ ಗುಳಿ ಬಂದಾಗ ಭಾರ ಪೂರಾ ತೆಗೆಯಬೇಕು, ಅಲ್ಲಿ ರಕ್ತನಾಳ ಮತ್ತು ನರ ತೀರ ಮೇಲೇ ಇವೆ. ಹೊಸಬಳೊಬ್ಬಳು ಹೆಬ್ಬೆರಳಿಂದ ಒತ್ತತೊಡಗುತ್ತಾಳೆ, ಭುಜ ಕಿವಿಯ ತನಕ ಏರಿದೆ.

‘ಕೈಯಲ್ಲಿ ದಬ್ಬಬೇಡ ಕಣಮ್ಮ. ಒಂದು ಕಾಲು ಮುಂದಿಡು, ಮೈ ಬಾಗಿಸು. ತೂಕ ತಾನಾಗೇ ಇಳಿಯುತ್ತೆ.’

‘ಜೋರು ಸಾಲಲ್ಲ ಅನ್ನಿಸುತ್ತೆ ಮೇಡಂ.’

‘ಸಾಲುತ್ತೋ ಇಲ್ಲವೋ ಮಲಗಿರೋಳನ್ನ ಕೇಳು.’

ನಾದುವುದು ಎರಡನೆಯದು. ಎಲ್ಲರೂ ಇದನ್ನು ಚಪಾತಿ ಹಿಟ್ಟು ನಾದಿದಂತೆ ಕೆಳಕ್ಕೆ ಅದುಮಿಯೇ ಶುರು ಮಾಡುತ್ತಾರೆ. ಇಲ್ಲಿ ಬೇಕಾದ್ದು ತದ್ವಿರುದ್ಧ: ಮಾಂಸಖಂಡವನ್ನು ಎಲುಬಿನಿಂದ ಎತ್ತಿ, ಹಿಂಡಿ, ಪಕ್ಕದ ಕೈಗೆ ದಾಟಿಸಬೇಕು. ಉಜ್ಜುವುದಕ್ಕೆ ಎಣ್ಣೆ ಕಡಿಮೆ. ಬೆರಳು ಚರ್ಮದ ಮೇಲೆ ಜಾರದೆ ಚರ್ಮವನ್ನೇ ಜೊತೆಗೊಯ್ದು ಒಳಗಿನ ಗಂಟನ್ನು ಮುಟ್ಟಬೇಕು. ತಟ್ಟುವಾಗ ಅಂಗೈ ಬೊಗಸೆಯಾಗಿರಬೇಕು. ಸರಿಯಾದರೆ ಟೊಳ್ಳು ಸದ್ದು, ತಪ್ಪಿದರೆ ಕಪಾಳಕ್ಕೆ ಹೊಡೆದ ಸದ್ದು. ಮೇಡಂ ಕಿಟಕಿಯ ಕಡೆ ಮುಖ ಮಾಡಿ ನಿಂತೇ ಯಾರ ಕೈ ತಪ್ಪಿತೆಂದು ಹೇಳಬಲ್ಲರು.

ಕಾರ್ನ್‌ಫ್ಲೇಕ್ಸ್‌ನಿಂದ ಹೆಸರಾದ ಅಮೆರಿಕದ ವೈದ್ಯ ಜಾನ್ ಹಾರ್ವೆ ಕೆಲಾಗ್ 1895ರ ತನ್ನ ಪುಸ್ತಕದಲ್ಲಿ ಈ ಪಟ್ಟುಗಳನ್ನು ಏಳು ಬಗೆಯಾಗಿ ಜೋಡಿಸಿದ: ಮುಟ್ಟುವುದು, ನೀವುವುದು, ಉಜ್ಜುವುದು, ನಾದುವುದು, ಅದುರಿಸುವುದು, ತಟ್ಟುವುದು, ಕೀಲು ಆಡಿಸುವುದು. ಅದಕ್ಕೂ ಏಳೂವರೆ ಶತಮಾನ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಪಾದಾಭ್ಯಂಗವನ್ನು ರಾಜಭೋಗಗಳ ಪಟ್ಟಿಗೆ ಸೇರಿಸಿದ್ದ. ಭೋಗ ರಾಜನದು, ತಿಕ್ಕಿದ ಕೈ ಯಾರದೋ.

ಇಲ್ಲಿ ಪಳಗುವ ಕೈಗಳಿಗೆ ಈಗ ನಗರದ ಅಂಚಿನಲ್ಲೇ ಗಿರಾಕಿ. ಇದೇ ರಸ್ತೆಯಲ್ಲಿ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯ, ವೈಟ್‌ಫೀಲ್ಡ್ ಆಚೆ ಸಮೇತನಹಳ್ಳಿಯಲ್ಲಿ ಸೌಖ್ಯ, ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಜಿಗಣಿಯಲ್ಲಿ ಪ್ರಶಾಂತಿ ಕುಟೀರ. ನಡುವೆ ಲೆಕ್ಕವಿಲ್ಲದಷ್ಟು ಸ್ಪಾ, ಸಲೂನು. ಮೇಜಿನ ಮೇಲೆ ಬಂದು ಮಲಗುವ ಮೈಗಳೂ ಬೇರೆ ಬೇರೆ. ಲ್ಯಾಪ್‌ಟಾಪಿನವರ ನೋವು ಕತ್ತಿನ ಬುಡದಲ್ಲಿ, ಮೌಸ್ ಹಿಡಿಯುವ ಕೈಯ ಭುಜದಲ್ಲಿ. ದಿನವಿಡೀ ಮೆಷಿನ್ ಮುಂದೆ ನಿಲ್ಲುವವರದು ಸೊಂಟದಲ್ಲಿ, ಮೀನಖಂಡದಲ್ಲಿ. ಹಾಗಾಗಿ ಮುಟ್ಟುವ ಮೊದಲು ಕೇಳುವುದೂ ಪಾಠವೇ. ಜ್ವರ ಇದೆಯೇ? ಈಚೆಗೆ ಆಪರೇಷನ್ ಆಗಿದೆಯೇ? ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದೆಯೇ? ಹೌದೆಂದರೆ ಎಣ್ಣೆ ಮುಟ್ಟುವಂತಿಲ್ಲ. ಊದಿದ ಕಾಲಿನೊಳಗೆ ರಕ್ತ ಹೆಪ್ಪುಗಟ್ಟಿರಬಹುದು, ಡಾಕ್ಟರ ಬಳಿಗೇ ಕಳಿಸಬೇಕು.

ತರಗತಿಯಲ್ಲಿ ಎಲ್ಲರಿಗಿಂತ ಬೇಗ ಪಳಗಿದವಳು ಹಳೆಯ ಟೈಲರ್. ಹೊಲಿಗೆ ಮೆಷಿನ್ನಿನ ಮೇಲೆ ಬಗ್ಗಿ ಬಗ್ಗಿ ಭುಜ ಹಿಡಿದುಕೊಂಡ ಮೇಲೆ ಆ ಕೆಲಸ ಬಿಟ್ಟವಳು. ಬಟ್ಟೆಯನ್ನು ಎಳೆಯದೆ ಸೂಜಿಯ ಓಟಕ್ಕೆ ಬಿಟ್ಟುಕೊಡುವುದು ಅವಳ ಬೆರಳಿಗೆ ಗೊತ್ತು. ಸ್ನಾಯು ಸಡಿಲವಾಗುವ ತನಕ ಕಾಯುವುದೂ ಅದೇ ಬೆರಳಿಗೆ ಸಲೀಸಾಗಿ ಬಂದಿದೆ.

ಪರೀಕ್ಷೆಯ ದಿನ ಮೇಡಂ ತಾವೇ ಮೇಜಿನ ಮೇಲೆ ಮಲಗುತ್ತಾರೆ. ಲಯ ಎಲ್ಲಿ ತಪ್ಪಿತು, ಕೈ ಎಲ್ಲಿ ಬಿಟ್ಟುಹೋಯಿತು ಎಂಬುದಕ್ಕೆ ಬೆನ್ನೇ ಸಾಕ್ಷಿ. ಮಸಾಜ್ ಮುಗಿದ ಮೇಲೆ ಎದ್ದು ಕೂತು ಹುಡುಗಿಯ ಹೆಬ್ಬೆರಳು, ಮಣಿಕಟ್ಟು ಹಿಡಿದು ನೋವಿದೆಯೇ ಎಂದು ಕೇಳುತ್ತಾರೆ. ಇದೆ ಎಂದರೆ, ಬೆನ್ನಿಗೆ ಎಷ್ಟೇ ಹಾಯೆನಿಸಿದ್ದರೂ, ಇನ್ನೊಮ್ಮೆ ಕಲಿಯಬೇಕು. ಒಬ್ಬರ ಮೈ ಸರಿಮಾಡಲು ಇನ್ನೊಬ್ಬರ ಮೈ ಸವೆಯುವುದಾದರೆ ಈ ಕೆಲಸಕ್ಕೂ ಆ ಟೈಲರ್ ಬಿಟ್ಟು ಬಂದ ಹೊಲಿಗೆಗೂ ವ್ಯತ್ಯಾಸ ಉಳಿಯುವುದಿಲ್ಲ.